ಡಬ್ಬದ ಮೇಲಿನ ಲುಮೆನ್, ರಸ್ತೆಯ ಮೇಲಿನ ಕತ್ತಲೆ

ಸೈಕಲ್ ಅಂಗಡಿಗೆ ಹೋಗಿ ನೋಡಿ. ಬ್ರೇಕು, ಚೈನು, ಪೆಡಲ್ಲು ಎಲ್ಲ ಸೈಕಲ್ಲಿಗೇ ಕೂತಿರುತ್ತೆ. ಲೈಟು ಮಾತ್ರ ಗಾಜಿನ ಕಪಾಟಿನಲ್ಲಿ, ನೀರಿನ ಬಾಟಲಿ, ಗ್ಲೌಸು, ಬಣ್ಣದ ಸ್ಟಿಕ್ಕರ್‌ಗಳ ಪಕ್ಕ ಇರುತ್ತೆ. ಬೇಕಾದವರು ತಗೋಬಹುದು, ಬೇಡದವರು ಬಿಡಬಹುದು. ಎಂಟು ಸಾವಿರದ ಸೈಕಲ್ ಕೊಂಡರೂ ಅಷ್ಟೇ, ಐವತ್ತು ಸಾವಿರದ್ದು ಕೊಂಡರೂ ಅಷ್ಟೇ. ಅದೇ ಬೀದಿಯ ಶೋರೂಮಿನಲ್ಲಿ ಸ್ಕೂಟರ್ ಕೊಳ್ಳುವವನನ್ನು "ಸಾರ್, ಹೆಡ್‌ಲೈಟ್ ಬೇಕಾ, ಬೇಡ್ವಾ?" ಅಂತ ಯಾರೂ ಕೇಳಲ್ಲ. ಕೇಳೋದಿರಲಿ, 2017ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಬೈಕು, ಸ್ಕೂಟರುಗಳ ಹೆಡ್‌ಲೈಟ್ ಆರಿಸೋದಕ್ಕೆ ಸ್ವಿಚ್ಚೇ ಇಲ್ಲ. ಎಂಜಿನ್ ಶುರುವಾದರೆ ದೀಪವೂ ಶುರು, ನಡುಮಧ್ಯಾಹ್ನದಲ್ಲೂ. ಅರವತ್ತರಲ್ಲಿ ಓಡುವ ಗಾಡಿ ಹಗಲಲ್ಲೂ ಕಾಣಬೇಕು ಅಂತ ಕಾನೂನು ಮಾಡಿದೆವು. ಅದೇ ರಸ್ತೆಯ ಎಡಬದಿಯಲ್ಲಿ ಹದಿನೈದರಲ್ಲಿ ತುಳಿದುಕೊಂಡು ಹೋಗುವವನಿಗೆ ಮಾತ್ರ ರಾತ್ರಿಯಲ್ಲೂ ದೀಪ ಶೋಕಿ ಸಾಮಾನು.

ಯಾವುದೋ ಒಂದು ಕಂಪನಿಯ ಲೈಟಿಗೆ ಐದಕ್ಕೆ ಮೂರೂವರೆ ಸ್ಟಾರ್ ಕೊಡೋಕೆ ನಾನಿಲ್ಲಿ ಹೊರಟಿಲ್ಲ. ಅಂಥ ರಿವ್ಯೂಗಳು ಬೇಕಾದಷ್ಟಿವೆ, ಎಲ್ಲವೂ ಒಂದೇ ಪ್ರಶ್ನೆಯಿಂದ ಶುರುವಾಗುತ್ತವೆ: ಎಷ್ಟು ಬ್ರೈಟು? ನನ್ನ ತಕರಾರು ಆ ಪ್ರಶ್ನೆಯ ಮೇಲೇ ಇದೆ. ಸೈಕಲ್ ದೀಪಕ್ಕೆ ಮೊದಲು ಕೇಳಬೇಕಾದ್ದು, ಕತ್ತಲಾದಾಗ ಅದು ಸೈಕಲ್ಲಿನ ಮೇಲೆ ಇರುತ್ತಾ, ಉರಿಯುತ್ತಾ ಅನ್ನೋದು. ಈ ಒಂದು ಪರೀಕ್ಷೆಯಲ್ಲಿ ಇವತ್ತಿನ ಸಾವಿರ ಲುಮೆನ್ನಿನ ದೀಪಕ್ಕಿಂತ ಐವತ್ತು ವರ್ಷದ ಹಿಂದಿನ ಮಂಕು ಡೈನಮೋಗೇ ಹೆಚ್ಚು ಮಾರ್ಕ್ಸ್ ಬೀಳುತ್ತೆ.

ಡೈನಮೋ ನೋಡದ ಹುಡುಗರಿಗಾಗಿ ಸ್ವಲ್ಪ ಹೇಳ್ತೀನಿ. ಸಣ್ಣ ಔಷಧಿ ಬಾಟಲಿಯ ಗಾತ್ರದ, ಅದೇ ಆಕಾರದ ಒಂದು ಕಬ್ಬಿಣದ ತುಂಡು. ಟೈರಿನ ಪಕ್ಕದಲ್ಲಿ ಕೂತಿರುತ್ತೆ. ಗುಂಡಿ ಒತ್ತಿದರೆ ಸ್ಪ್ರಿಂಗಿನ ಬಲಕ್ಕೆ ವಾಲಿ ಅದರ ತಲೆ ಟೈರಿಗೆ ತಾಗುತ್ತೆ. ಚಕ್ರ ತಿರುಗಿದಂತೆ ಅದೂ ತಿರುಗುತ್ತೆ, ಹ್ಯಾಂಡಲ್ ಮುಂದೆ ಹಳದಿ ಬೆಳಕು, ಹಿಂದಿನ ಮಡ್‌ಗಾರ್ಡ್ ಮೇಲೆ ಕೆಂಪು ಚುಕ್ಕೆ. ನಮ್ಮೂರಲ್ಲಿ ದೊಡ್ಡಪ್ಪ ಸಂತೆಯಿಂದ ಬರೋದು ಬೆಳಕು ಕಾಣೋದಕ್ಕೂ ಮೊದಲು ಅದರ ಗುಂಯ್ ಅನ್ನೋ ಸದ್ದಿನಿಂದಲೇ ಗೊತ್ತಾಗ್ತಿತ್ತು. ಕೆರೆ ಏರಿ ಹತ್ತುವಾಗ ಸದ್ದೂ ಇಳಿಯೋದು, ಬೆಳಕೂ ಇಳಿಯೋದು.

ಹೆಸರು ಡೈನಮೋ ಆದರೂ ಒಳಗಿರೋದು ಆಲ್ಟರ್ನೇಟರ್. ತಿರುಗುವ ಅಯಸ್ಕಾಂತ, ಸುತ್ತ ತಾಮ್ರದ ಸುರುಳಿ, ಬರುವುದು ಎಸಿ ಕರೆಂಟ್. ಅದರ ವಾಡಿಕೆಯ ಅಳತೆ 6 ವೋಲ್ಟ್, 3 ವ್ಯಾಟ್. ಮುಂದಿನ ಬಲ್ಬಿಗೆ 2.4 ವ್ಯಾಟ್, ಹಿಂದಿನದಕ್ಕೆ 0.6. ಇದರಲ್ಲಿ ಒಂದು ಜಾಣತನವಿದೆ. ಇಳಿಜಾರಿನಲ್ಲಿ ಸೈಕಲ್ ಜೋರಾಗಿ ಓಡಿದರೆ ಕರೆಂಟೂ ಏರುತ್ತಾ ಹೋಗಿ ಬಲ್ಬು ಸುಡಬೇಕಿತ್ತು. ಆದರೆ ವೇಗ ಏರಿದಂತೆ ಎಸಿಯ ಫ್ರೀಕ್ವೆನ್ಸಿ ಏರುತ್ತೆ, ಜೊತೆಗೇ ತಾಮ್ರದ ಸುರುಳಿಯ ತಡೆಯೂ ಏರುತ್ತೆ. ಹಾಗಾಗಿ ಕರೆಂಟು ಸುಮಾರು ಅರ್ಧ ಆಂಪಿಯರ್‌ನ ಆಸುಪಾಸಿನಲ್ಲೇ ನಿಲ್ಲುತ್ತೆ. ಚಿಪ್ ಇಲ್ಲ, ರೆಗ್ಯುಲೇಟರ್ ಇಲ್ಲ, ಫರ್ಮ್‌ವೇರ್ ಅಪ್‌ಡೇಟ್ ಅಂತೂ ಇಲ್ಲವೇ ಇಲ್ಲ. ಬಿಇ ಮೊದಲ ವರ್ಷದಲ್ಲಿ ಇಂಡಕ್ಟಿವ್ ರಿಯಾಕ್ಟೆನ್ಸ್ ಅಂತ ಬೋರ್ಡ್ ತುಂಬ ಬರೆಸಿದರು. ಅದು ದಿನಾ ಸಂಜೆ ನಮ್ಮ ಮನೆ ಮುಂದೆಯೇ ಹಾದು ಹೋಗುತ್ತಿತ್ತು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ.

ಹಳೆಯದು ಅಂತ ಪೂಜೆ ಮಾಡೋದು ಬೇಡ, ದೋಷಗಳೂ ಇದ್ದವು. ಮಳೆ ಬಂದರೆ ಒದ್ದೆ ಟೈರಿನ ಮೇಲೆ ತಲೆ ಜಾರಿ ದೀಪ ಕಣ್ಣುಮುಚ್ಚಾಲೆ ಆಡುತ್ತಿತ್ತು. ತುಳಿಯೋದು ಭಾರ ಆಗುತ್ತಿತ್ತು, ಯಾಕಂದರೆ ಕಾಲಿನಿಂದ ಕಿತ್ತುಕೊಂಡ ಶಕ್ತಿಯಲ್ಲಿ ಬಹುಪಾಲು ಟೈರು ತಿಕ್ಕೋದರಲ್ಲೇ ಹೋಗುತ್ತಿತ್ತು. ಹಿಂದಿನ ಬಲ್ಬು ಸುಟ್ಟರೆ ಅದರ ಪಾಲಿನ ಕರೆಂಟೂ ಮುಂದಿನದಕ್ಕೆ ನುಗ್ಗಿ ಸ್ವಲ್ಪ ದಿನದಲ್ಲಿ ಅದೂ ಢಮಾರ್. ಎಲ್ಲಕ್ಕಿಂತ ದೊಡ್ಡ ದೋಷ, ಸೈಕಲ್ ನಿಂತರೆ ದೀಪವೂ ನಿಲ್ಲುತ್ತಿತ್ತು. ರಸ್ತೆ ದಾಟೋಕೆ ಕಾಯುತ್ತಾ ನಿಂತ ಹೊತ್ತಿನಲ್ಲಿ, ಅಂದರೆ ಬೇರೆಯವರಿಗೆ ಕಾಣಲೇಬೇಕಾದ ಹೊತ್ತಿನಲ್ಲಿ, ಸಂಪೂರ್ಣ ಕತ್ತಲೆ.

ಇಷ್ಟೆಲ್ಲ ಇದ್ದರೂ ಅದಕ್ಕೊಂದು ಗುಣ ಇತ್ತು. ಅದು ಸೈಕಲ್ಲಿಗೆ ಬೋಲ್ಟ್ ಹಾಕಿ ಕೂರಿಸಿದ್ದ ದೀಪ. ಮನೆಯಲ್ಲಿ ಮರೆತು ಬರೋಕೆ ಆಗುತ್ತಿರಲಿಲ್ಲ. ಚಾರ್ಜ್ ಮಾಡೋದು ಮರೆಯಿತು ಅನ್ನುವ ಮಾತೇ ಇರಲಿಲ್ಲ. ಕರೆಂಟು ವಾರಗಟ್ಟಲೆ ಇಲ್ಲದ ಊರಲ್ಲೂ ಸೈಕಲ್ ತುಳಿದರೆ ಬೆಳಕು ಬರುತ್ತಿತ್ತು.

ಈಗ ಗಾಜಿನ ಕಪಾಟಿನ ಡಬ್ಬಕ್ಕೆ ಬರೋಣ. ದಪ್ಪ ಅಕ್ಷರದಲ್ಲಿ "1000 ಲುಮೆನ್", ಕೆಳಗೆ "8 ಗಂಟೆ", ಇನ್ನೂ ಕೆಳಗೆ ಯುಎಸ್‌ಬಿ ಚಿತ್ರ. ಒಂದು ಪೇಪರು, ಪೆನ್ನು ಸಾಕು, ಲೆಕ್ಕ ಹಾಕಿ. ಇಂಥ ದೀಪಗಳ ಒಳಗೆ ಸಾಮಾನ್ಯವಾಗಿ ಇರೋದು 18650 ಅನ್ನುವ ಲಿಥಿಯಂ ಸೆಲ್, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಬಿಚ್ಚಿದರೂ ಇದೇ ಸಿಗುತ್ತೆ. ಸುಮಾರು 3.6 ವೋಲ್ಟ್, ಒಳ್ಳೆಯದಾದರೆ 3000 ಮಿಲಿಆಂಪಿಯರ್-ಗಂಟೆ. ಗುಣಿಸಿದರೆ ಹತ್ತಿರ ಹತ್ತಿರ 11 ವ್ಯಾಟ್-ಗಂಟೆ. ಒಳ್ಳೆಯ ಎಲ್‌ಇಡಿ ದೀಪ ಒಂದು ವ್ಯಾಟಿಗೆ 100 ಲುಮೆನ್ ಕೊಡುತ್ತೆ ಅಂತ ಇಟ್ಟುಕೊಳ್ಳಿ. 1000 ಲುಮೆನ್ನಿಗೆ 10 ವ್ಯಾಟ್ ಬೇಕು. ಅಂದರೆ ಒಂದು ಗಂಟೆ, ಹೆಚ್ಚೆಂದರೆ ಐದು ಹತ್ತು ನಿಮಿಷ ಜಾಸ್ತಿ. ಎಂಟು ಗಂಟೆ ಬೇಕು ಅಂದರೆ ಅಂಥ ಎಂಟು ಸೆಲ್ ಬೇಕು. ಡಬ್ಬದಲ್ಲಿರೋದು ಒಂದೇ.

ಹಾಗಾದರೆ ಸುಳ್ಳು ಬರೆದಿದ್ದಾರಾ? ಕೆಲವರು ಅಪ್ಪಟ ಸುಳ್ಳನ್ನೇ ಬರೀತಾರೆ. 9900 ಮಿಲಿಆಂಪಿಯರ್-ಗಂಟೆ ಅಂತ ಅಚ್ಚು ಹಾಕಿದ 18650 ಸೆಲ್ಲುಗಳು ಆನ್‌ಲೈನಲ್ಲಿ ರಾಶಿ ಬಿದ್ದಿವೆ, ಆ ಗಾತ್ರದಲ್ಲಿ ಅದರ ಅರ್ಧವನ್ನೂ ತುಂಬೋಕೆ ಆಗಲ್ಲ. ಉಳಿದವರು ಸುಳ್ಳು ಹೇಳದೆಯೇ ದಾರಿ ತಪ್ಪಿಸ್ತಾರೆ. 1000 ಲುಮೆನ್ ಹೈ ಮೋಡಿಗೆ, 8 ಗಂಟೆ ಲೋ ಮೋಡಿಗೆ, ಎರಡೂ ಅಕ್ಕಪಕ್ಕ. ಟಾರ್ಚುಗಳನ್ನು ಅಳೆಯೋಕೆ ಅಮೆರಿಕದಲ್ಲಿ ಎಫ್‌ಎಲ್-1 ಅನ್ನುವ ಮಾನದಂಡವಿದೆ. ಅದರಲ್ಲಿ ರನ್‌ಟೈಮ್ ಅಂದರೆ ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ. ಸಾವಿರದಲ್ಲಿ ಶುರುವಾಗಿ ನೂರಕ್ಕೆ ಬಂದು ತೆವಳುತ್ತಿದ್ದರೂ ಲೆಕ್ಕದಲ್ಲಿ ಅದು ಉರಿಯುತ್ತಲೇ ಇದೆ. ಸಂಬಳದ ಆಫರ್ ಲೆಟರಿನಲ್ಲಿ ಸಿಟಿಸಿ ಅಂತ ಬರೆದಿರ್ತಾರಲ್ಲ, ಹಾಗೆ. ಕೈಗೆ ಬರೋದು ಬೇರೆ.

ಇನ್ನು ಲುಮೆನ್ ಅನ್ನುವ ಅಳತೆಯೇ ನಮ್ಮ ಪ್ರಶ್ನೆಗೆ ಉತ್ತರ ಕೊಡಲ್ಲ. ನಮ್ಮ ಕಡೆ ಬೋರ್‌ವೆಲ್ ಕೊರೆಸಿದರೆ "ಎರಡಿಂಚು ನೀರು" ಅಂತಾರೆ. ಲುಮೆನ್ ಅಂದರೆ ಅದು, ಬಾಯಿಂದ ಒಟ್ಟು ಎಷ್ಟು ಬಂತು ಅನ್ನೋದು. ಆದರೆ ತೆಂಗಿನ ಬುಡಕ್ಕೆ ಎಷ್ಟು ತಲುಪಿತು ಅನ್ನೋದು ಕಾಲುವೆ ಹೇಗೆ ತೆಗೆದಿದ್ದೀರಿ ಅನ್ನೋದರ ಮೇಲೆ ಹೋಗುತ್ತೆ. ಬುಡ ತಲುಪಿದ್ದರ ಅಳತೆ ಲಕ್ಸ್. ಕಾಲುವೆ ತೆಗೆಯೋ ಕೆಲಸ ಎಲ್‌ಇಡಿ ಮುಂದಿನ ಗಾಜು, ಕನ್ನಡಿಗಳದ್ದು. ನಮ್ಮಲ್ಲಿ ಸಿಗುವ ಬಹುಪಾಲು ಸೈಕಲ್ ಲೈಟುಗಳು ಟಾರ್ಚಿನಂತೆ ದುಂಡಗೆ ಚೆಲ್ಲುತ್ತವೆ. ಅರ್ಧ ಬೆಳಕು ರಸ್ತೆಗೆ, ಅರ್ಧ ಬೆಳಕು ಮರದ ಕೊಂಬೆಗೆ ಮತ್ತು ಎದುರಿಗೆ ಬರುವವನ ಕಣ್ಣಿಗೆ.

ಜರ್ಮನಿಯವರು ಇದನ್ನು ಕಾನೂನಿನಲ್ಲೇ ಬಗೆಹರಿಸಿದ್ದಾರೆ. ಅಲ್ಲಿನ ಸೈಕಲ್ ಮುಂದೀಪ 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಕೊಡಬೇಕು, ಆದರೆ ಒಂದು ಗೆರೆಯಿಂದ ಮೇಲಕ್ಕೆ ಬೆಳಕು ಹೋಗುವಂತಿಲ್ಲ. ಹೋದರೂ ಎರಡು ಲಕ್ಸ್ ಮೀರುವಂತಿಲ್ಲ. ಕಾರಿನ ಲೋ ಬೀಮ್ ಗೋಡೆಗೆ ಬಿದ್ದಾಗ ಮೇಲಂಚು ಕತ್ತರಿಸಿದ ಹಾಗೆ ಕಾಣುತ್ತಲ್ಲ, ಅದೇ ಸೈಕಲ್ಲಿಗೂ. ಮುಂದೀಪ ಮಿಣುಕುವಂತಿಲ್ಲ. 2013ರವರೆಗೆ ಸಾಮಾನ್ಯ ಸೈಕಲ್ಲಿಗೆ ಡೈನಮೋ ಕಡ್ಡಾಯವಾಗಿತ್ತು, ಆಮೇಲೆ ಬ್ಯಾಟರಿಗೂ ಒಪ್ಪಿಗೆ ಕೊಟ್ಟರು. ಇಂಗ್ಲೆಂಡಿನವರು ಬೇರೆ ದಾರಿ ಹಿಡಿದು 2005ರಲ್ಲಿ ಮಿಣುಕು ದೀಪಗಳಿಗೆ ಅನುಮತಿ ಕೊಟ್ಟರು, ನಿಮಿಷಕ್ಕೆ 60ರಿಂದ 240 ಸಲ ಮಿಣುಕಬಹುದು. ಇವೆರಡರಲ್ಲಿ ಯಾರು ಸರಿ ಅಂತ ಕೇಳಿದರೆ, ಹಿಂದೀಪದ ಮಟ್ಟಿಗೆ ಇಂಗ್ಲೆಂಡು, ಮುಂದೀಪದ ಮಟ್ಟಿಗೆ ಜರ್ಮನಿ ಅಂತೀನಿ. ಮಿಣುಕು ಗಮನ ಸೆಳೆಯುತ್ತೆ, ನಿಜ. ಆದರೆ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಬರ್ತಿದೆ ಅಂತ ಅಂದಾಜು ಮಾಡೋಕೆ ಕಣ್ಣಿಗೆ ಆರದ ಬೆಳಕೇ ಬೇಕು. ಸಾವಿರ ಲುಮೆನ್ನಿನ ಬಿಳಿ ದೀಪವನ್ನು ಸ್ಟ್ರೋಬ್ ಮೋಡಿಗೆ ಹಾಕಿಕೊಂಡು ಎದುರಿಗೆ ಬರುವವನು ರಸ್ತೆಯನ್ನು ಆರ್ಕೆಸ್ಟ್ರಾ ಸ್ಟೇಜು ಮಾಡಿರ್ತಾನೆ.

ಆ ಎದುರಿಗೆ ಬರುವವನು ಯಾರು, ಯಾರ ಕಣ್ಣಿಗೆ ಬೆಳಕು ಬಿಡ್ತಿದಾನೆ ಅನ್ನೋದನ್ನೂ ಸ್ವಲ್ಪ ನೋಡಬೇಕು. ಬೆಂಗಳೂರಿನಲ್ಲಿ ಎರಡು ಥರದ ಸೈಕಲ್ ಸವಾರರಿದ್ದಾರೆ. ಶನಿವಾರ ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೆಲ್ಮೆಟ್, ಜೆರ್ಸಿ ಹಾಕಿಕೊಂಡು ನಂದಿ ಬೆಟ್ಟದ ಕಡೆ ಹೊರಡುವ ನಮ್ಮಂಥವರು. ರಾತ್ರಿ ಪಾಳಿ ಬದಲಾದ ಮೇಲೆ ಸರ್ವೀಸ್ ರಸ್ತೆಯ ಅಂಚಿನಲ್ಲಿ ಟಿಫನ್ ಡಬ್ಬಿ ನೇತುಹಾಕಿಕೊಂಡು ರೂಮಿಗೆ ಹೋಗುವ ಸೆಕ್ಯುರಿಟಿ ಅಣ್ಣಂದಿರು, ಗಾರೆ ಕೆಲಸದವರು, ಹೋಟೆಲ್ ಹುಡುಗರು. ಮೊದಲನೆಯವರ ಸೈಕಲ್ಲಿನಲ್ಲಿ ಮುಂದೆ ಎರಡು, ಹಿಂದೆ ಎರಡು, ಹೆಲ್ಮೆಟ್ಟಿನಲ್ಲಿ ಒಂದು. ಎರಡನೆಯವರ ಸೈಕಲ್ಲಿನಲ್ಲಿ ಮಣ್ಣು ಮೆತ್ತಿದ ಒಂದು ರಿಫ್ಲೆಕ್ಟರ್, ಅದೂ ಉಳಿದಿದ್ದರೆ. ಡಬ್ಬದ ಮೇಲಿನ ಎಲ್ಲ ಮಾತು ಮೊದಲನೆಯವನಿಗೆ ಹೇಳಿದ್ದು. ಎರಡನೆಯವನನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ದೀಪ ಮಾಡಿದ ಹಾಗೆ ಕಾಣಲ್ಲ. ಆದರೆ ವಾರಕ್ಕೆ ಆರು ದಿನ ಕತ್ತಲಲ್ಲಿ ತುಳಿಯುವವನು ಅವನೇ.

ಅವನಿಗೆ ಬೇಕಾದ್ದೇನು? ಇದಕ್ಕೂ ಲೆಕ್ಕ ಇದೆ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಹದಿನೇಳು ಮೀಟರಿನ ಹತ್ತಿರ. ಡ್ರೈವರ್ ನೋಡಿ, ಅರ್ಥ ಮಾಡಿಕೊಂಡು, ಬ್ರೇಕಿಗೆ ಕಾಲಿಡೋಕೆ ಒಂದೂವರೆ ಸೆಕೆಂಡ್ ಹಿಡಿಯಿತು ಅಂದರೆ ಆಗಲೇ 25 ಮೀಟರ್ ಹೋಯ್ತು. ಒಣ ರಸ್ತೆಯಲ್ಲಿ ಗಾಡಿ ನಿಲ್ಲೋಕೆ ಇನ್ನೊಂದು 20 ಮೀಟರ್. ಒಟ್ಟು 45 ಮೀಟರ್ ದೂರದಿಂದಲೇ ಸೈಕಲ್ ಕಾಣಬೇಕು, ಮಳೆಯಲ್ಲಿ ಇನ್ನೂ ದೂರದಿಂದ. ಕಪ್ಪು ಪ್ಯಾಂಟು, ಮಾಸಿದ ಅಂಗಿಯವನು ಲೋ ಬೀಮಿನಲ್ಲಿ ಅಷ್ಟು ದೂರಕ್ಕೆ ಕಾಣೋದು ಅನುಮಾನ. ಎದುರಿಂದ ಲಾರಿ ಹೈ ಬೀಮ್ ಹಾಕಿಕೊಂಡು ಬಂತು ಅಂದರೆ ಹತ್ತು ಮೀಟರಿಗೂ ಕಾಣಲ್ಲ. ನಮ್ಮ ರಾಜ್ಯ ಹೆದ್ದಾರಿಗಳಲ್ಲಿ ರಾತ್ರಿ ಗಾಡಿ ಓಡಿಸಿದ ಯಾರನ್ನು ಬೇಕಾದರೂ ಕೇಳಿ.

ಅಂದರೆ ದುಡ್ಡು ಒಂದೇ ದೀಪಕ್ಕೆ ಇದ್ದರೆ ಅದು ಹಿಂದಿನದಾಗಬೇಕು. ಬೀದಿದೀಪ ಇರುವ ಊರಲ್ಲಿ ಮುಂದೀಪ ಇರುವುದು ನಾವು ಕಾಣೋಕೆ, ರಸ್ತೆ ಕಾಣೋಕೆ ಅಷ್ಟಾಗಿ ಅಲ್ಲ. ಹಿಂದೀಪ ಮಾತ್ರ ಎಲ್ಲಾದರೂ ಜೀವದ ಪ್ರಶ್ನೆ, ಯಾಕಂದರೆ ಹಿಂದೆ ನಮಗೆ ಕಣ್ಣಿಲ್ಲ. ಖುಷಿಯ ವಿಷಯ ಅಂದರೆ ಇದು ಅಗ್ಗದ ದೀಪ. ಕೆಂಪು ಎಲ್‌ಇಡಿಗೆ ಒಂದು ವ್ಯಾಟಿನ ಸಣ್ಣ ಪಾಲು ಸಾಕು, ಟಿವಿ ರಿಮೋಟಿನ ಎರಡು ಸೆಲ್ಲಿನಲ್ಲಿ ಹತ್ತಾರು ಗಂಟೆ ಉರಿಯುತ್ತೆ. ರಿಫ್ಲೆಕ್ಟರ್ ಇದೆಯಲ್ಲ ಅನ್ನಬಹುದು. 2020ರಲ್ಲಿ ಕೇಂದ್ರ ಸರ್ಕಾರ ಸೈಕಲ್ ರಿಫ್ಲೆಕ್ಟರುಗಳಿಗೆ ಗುಣಮಟ್ಟದ ಆದೇಶ ಹೊರಡಿಸಿದ್ದು ಒಳ್ಳೆಯದೇ. ಪೆಡಲ್ಲಿನ ಹಳದಿ ರಿಫ್ಲೆಕ್ಟರ್ ಮೇಲೆ ಕೆಳಗೆ ಆಡೋದರಿಂದ ಇದು ಸೈಕಲ್ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ ಕೂಡ. ಆದರೆ ರಿಫ್ಲೆಕ್ಟರ್ ಸಾಲದ ಬೆಳಕು. ಹೆಡ್‌ಲೈಟ್ ಅದರ ಮೇಲೆ ಬಿದ್ದರೆ ಮಾತ್ರ ವಾಪಸ್ ಕೊಡುತ್ತೆ. ತಿರುವಿನಲ್ಲಿ, ಮಣ್ಣು ಮೆತ್ತಿದಾಗ, ಹೆಡ್‌ಲೈಟ್ ಒಂದು ಕಣ್ಣು ಕೆಟ್ಟ ಟ್ರ್ಯಾಕ್ಟರ್ ಮುಂದೆ, ಸಾಲ ಹುಟ್ಟಲ್ಲ.

ದೀಪ ಸದಾ ಉರಿಯುತ್ತಿದ್ದರೆ ಏನಾಗುತ್ತೆ ಅಂತ ಡೆನ್ಮಾರ್ಕಿನವರು ಪರೀಕ್ಷೆ ಮಾಡಿ ನೋಡಿದ್ದಾರೆ. ಓಡೆನ್ಸೆ ಊರಿನಲ್ಲಿ 2004ರ ನವೆಂಬರಿನಿಂದ ಒಂದು ವರ್ಷ, 3845 ಸವಾರರು. ಅದರಲ್ಲಿ 1845 ಜನರ ಸೈಕಲ್ಲಿಗೆ ಅಯಸ್ಕಾಂತದ ದೀಪ ಹಾಕಿದರು. ಕಡ್ಡಿಗಳ ಮೇಲೆ ಅಯಸ್ಕಾಂತ, ಫ್ರೇಮಿನ ಮೇಲೆ ಸುರುಳಿ ಇರುವ ದೀಪ. ಚಕ್ರ ತಿರುಗಿದರೆ ಹಗಲು ರಾತ್ರಿ ಮಿಣುಕುತ್ತೆ, ಟೈರಿಗೆ ತಾಗೋದಿಲ್ಲ, ಸ್ವಿಚ್ಚೇ ಇಲ್ಲ. ಗಾಯ ಆದ ಅಪಘಾತಗಳ ಪ್ರಮಾಣ ಆ ಗುಂಪಿನಲ್ಲಿ 19 ಶೇಕಡಾ ಕಡಿಮೆ ಬಂತು. ಅಪಘಾತ ಆಯ್ತು ಅಂತ ವರದಿ ಕೊಟ್ಟವರು ಸವಾರರೇ, ದೀಪ ಇದೆಯೋ ಇಲ್ಲವೋ ಅನ್ನೋದೂ ಅವರಿಗೆ ಗೊತ್ತಿತ್ತು. ಹಾಗಾಗಿ ಆ ಅಂಕಿಯನ್ನು ಸ್ವಲ್ಪ ಉಪ್ಪು ಖಾರ ಕಳೆದೇ ತಗೋಬೇಕು. ಕಳೆದ ಮೇಲೂ ಒಂದು ಮಾತು ಉಳಿಯುತ್ತೆ. ಅಲ್ಲಿ ಗೆದ್ದ ದೀಪ ಕಣ್ಣು ಕೋರೈಸುವಂಥದ್ದಲ್ಲ, ಮರೆಯೋಕೆ ಆಗದಂಥದ್ದು.

ಯುಎಸ್‌ಬಿ ದೀಪದ ಸೋಲು ಇಲ್ಲೇ ಇರೋದು. ರಬ್ಬರ್ ಪಟ್ಟಿಯಲ್ಲಿ ಸಿಕ್ಕಿಸುವ ದೀಪವನ್ನು ಸೈಕಲ್ ನಿಲ್ಲಿಸಿದಾಗಲೆಲ್ಲ ನಾವೇ ಕಿತ್ತುಕೊಂಡು ಹೋಗಬೇಕು, ಇಲ್ಲಾಂದ್ರೆ ಬೇರೆ ಯಾರೋ ಕಿತ್ಕೊಂಡು ಹೋಗ್ತಾರೆ. ಕಿತ್ತುಕೊಂಡು ಹೋದದ್ದು ಬ್ಯಾಗಿನಲ್ಲಿ, ಮೇಜಿನ ಮೇಲೆ, ಚಾರ್ಜರಿನ ಪಕ್ಕ ಉಳಿಯುತ್ತೆ. ಮೊಬೈಲ್ ಥರ ದೀಪವನ್ನೂ ದಿನಾ ಸಾಕಬೇಕು. ಅಚ್ಚುಕಟ್ಟಾಗಿ ಸಾಕುವವರು ಇದ್ದಾರೆ, ಅವರಿಗೆ ಈ ದೀಪ ಚೆನ್ನಾಗೇ ಇದೆ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಬಂದವನಿಗೆ ಇನ್ನೊಂದು ಸಾಕುವ ಕೆಲಸ ಹೇಳಬೇಡಿ.

ಒಳ್ಳೆಯ ಉತ್ತರ ಬಹಳ ಹಿಂದೆಯೇ ಹುಟ್ಟಿದೆ. 1930ರ ದಶಕದಲ್ಲೇ ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಕಂಪನಿ ಚಕ್ರದ ಹಬ್ಬಿನೊಳಗೇ ಡೈನಮೋ ಕೂರಿಸಿ ಮಾರಿತ್ತು. ಟೈರಿಗೆ ತಿಕ್ಕೋದಿಲ್ಲ, ಮಳೆಗೆ ಜಾರೋದಿಲ್ಲ. ಇವತ್ತಿನ ಹಬ್ ಡೈನಮೋಗಳೂ ಅದೇ 6 ವೋಲ್ಟ್, 3 ವ್ಯಾಟಿನವು. ಆದರೆ ಆಗ ಆ ಶಕ್ತಿಯಲ್ಲಿ ಮೂವತ್ತು ಚಿಲ್ಲರೆ ಲುಮೆನ್ ಬರುತ್ತಿದ್ದರೆ, ಎಲ್‌ಇಡಿ ಬಂದ ಮೇಲೆ ಅದರ ಎಷ್ಟೋ ಪಟ್ಟು ಬರುತ್ತೆ. ಸಣ್ಣದೊಂದು ಕೆಪಾಸಿಟರ್ ಸೇರಿಸಿ ನಿಂತರೆ ಆರುವ ಹಳೇ ರೋಗವನ್ನೂ ವಾಸಿ ಮಾಡಿದ್ದಾರೆ, ಸಿಗ್ನಲ್ಲಿನಲ್ಲಿ ನಿಂತಾಗಲೂ ಕೆಲವು ನಿಮಿಷ ಉರಿಯುತ್ತೆ. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಥರ 1200 ಕಿ.ಮೀ.ಯನ್ನು 90 ಗಂಟೆಯೊಳಗೆ ಮುಗಿಸಬೇಕಾದ ಸವಾರಿಗಳಲ್ಲಿ ರಾತ್ರಿಯಿಡೀ ತುಳಿಯುವವರು ಇದನ್ನೇ ನಂಬೋದಕ್ಕೆ ಕಾರಣ ಇದೆ. ನಮ್ಮಲ್ಲಿ ಇದರ ತೊಡಕು, ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕು, ಸಾಮಾನು ಹೊರದೇಶದ್ದು, ಬೆಲೆ ಒಂದು ಸಾಧಾರಣ ಸೈಕಲ್ಲಿನಷ್ಟಾದರೂ ಆಗುತ್ತೆ. ಪಂಚರ್ ಅಂಗಡಿಯಲ್ಲಿ ಸಿಗುವ ಕಾಲ ಇನ್ನೂ ಬಂದಿಲ್ಲ.

ಅಲ್ಲಿಯವರೆಗೆ ಏನು ಮಾಡೋದು ಅಂತ ಕೇಳಿದರೆ, ನನ್ನ ಪಟ್ಟಿ ಚಿಕ್ಕದು. ಹಿಂದೀಪವನ್ನು ಕ್ಯಾರಿಯರ್‌ಗೋ ಮಡ್‌ಗಾರ್ಡ್‌ಗೋ ಸ್ಕ್ರೂ ಹಾಕಿ ಕೂರಿಸಿ, ಸೆಲ್ ಬದಲಿಸುವಂಥದ್ದು ತಗೊಳ್ಳಿ. ಸೆಲ್ಲು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತೆ, ಚಾರ್ಜ್ ಪಾಯಿಂಟ್ ದಾರಿಯಲ್ಲಿ ಸಿಗಲ್ಲ. ಮುಂದೀಪ ಊರೊಳಗೆ 100–200 ಲುಮೆನ್ ಧಾರಾಳ, ಬೀದಿದೀಪ ಇಲ್ಲದ ದಾರಿಗೆ 300–400. ಮೂತಿ ಸ್ವಲ್ಪ ಕೆಳಗೆ ಮಾಡಿ, ಎದುರಿಗೆ ಹತ್ತು ಹೆಜ್ಜೆ ನಡೆದು ಹೋಗಿ ತಿರುಗಿ ನೋಡಿ, ನಿಮ್ಮ ಕಣ್ಣಿಗೆ ಚುಚ್ಚಿದರೆ ಎಲ್ಲರ ಕಣ್ಣಿಗೂ ಚುಚ್ಚುತ್ತೆ. ತರಕಾರಿ, ನೀರಿನ ಕ್ಯಾನು ಸಾಗಿಸುವ ಮೂರು ಚಕ್ರದ ಗಾಡಿಗಾದರೆ ಹಿಂದೆ ಎರಡು ಕೆಂಪು ದೀಪ, ಎರಡು ಅಂಚಿಗೆ ಒಂದೊಂದು. ನಡುವೆ ಒಂದೇ ದೀಪ ಇದ್ದರೆ ಹಿಂದಿನವನು ಇದನ್ನು ಸೈಕಲ್ ಅಂದುಕೊಂಡು ಪಕ್ಕದಲ್ಲಿ ನುಗ್ಗಿಸುತ್ತಾನೆ, ಗಾಡಿಯ ಮೂಲೆ ಸಿಕ್ಕಿಕೊಳ್ಳುತ್ತೆ.

ಆದರೆ ಇದೆಲ್ಲ ಕೊಳ್ಳುವವನಿಗೆ ಹೇಳುವ ಮಾತು. ಹೇಳಬೇಕಾದ್ದು ಮಾಡುವವರಿಗೆ, ಮಾರುವವರಿಗೆ. ಮೂರು ನೂರು ರೂಪಾಯಿಯ ಹಿಂದೀಪವನ್ನು ಕಾರ್ಖಾನೆಯಲ್ಲೇ ಬೋಲ್ಟ್ ಹಾಕಿ ಕೂರಿಸಿದರೆ ಅದರ ಖರ್ಚು ಇನ್ನೂ ಇಳಿಯುತ್ತೆ. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾದಾಗ ಅದೆಷ್ಟು ಹೆಣ್ಣುಮಕ್ಕಳು ಪಕ್ಕದೂರಿನ ಹೈಸ್ಕೂಲು ಮುಟ್ಟಿದರು ಅನ್ನೋದನ್ನು ಹಳ್ಳಿಯಲ್ಲಿ ಬೆಳೆದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಡಿಸೆಂಬರಿನಲ್ಲಿ ಸ್ಪೆಷಲ್ ಕ್ಲಾಸ್ ಮುಗಿಸಿ ಆ ಮಕ್ಕಳು ಮನೆಗೆ ಬರೋಷ್ಟರಲ್ಲಿ ಕತ್ತಲಾಗಿರುತ್ತೆ. ಮುಂದೆ ಎಂದಾದರೂ ಅಂಥ ಸೈಕಲ್ಲಿಗೆ ಟೆಂಡರ್ ಕರೆದರೆ, ಬೆಲ್ಲು, ಬುಟ್ಟಿ, ಸ್ಟ್ಯಾಂಡಿನ ಸಾಲಿನಲ್ಲಿ ಒಂದು ಕೆಂಪು ದೀಪವೂ ಸೇರಲಿ. ಎಷ್ಟು ಲುಮೆನ್ ಅಂತ ಬರೆಯದಿದ್ದರೂ ನಡೆಯುತ್ತೆ. ಕಳಚೋಕೆ ಬರಬಾರದು ಅಂತ ಮಾತ್ರ ಬರೀಲಿ.